ಇಂದಿರಾನಗರದಲ್ಲಿ ಶಿಟ್ಜು ಸಾಕುವ ಕ್ರಮ

ಮೊದಲು ಸೋಫಾ ಆರಿಸಿ, ಆಮೇಲೆ ನಾಯಿ. ಶಿಟ್ಜುವಿನಲ್ಲಿ ಬಿಳಿ, ಕಂದು, ಕಪ್ಪು, ಎಲ್ಲ ಬಣ್ಣವೂ ಸಿಗುವುದರಿಂದ ಹೊಂದಿಸುವುದು ಕಷ್ಟವಲ್ಲ. ಮುಧೋಳ ನಾಯಿಯ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಅದು ಓಡುತ್ತದೆ, ಮೇಲಾಗಿ ನಮ್ಮ ಕಡೆಯದು.

ಕೊಳ್ಳುವಾಗ ಅವಸರ ಮಾಡಿ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವಿದೆ. ಆದರೆ ಐದು ವಾರದ್ದು ಅಂಗೈ ಮೇಲೆ ಕೂರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ತಾಯಿಯನ್ನು ತೋರಿಸಿ ಎನ್ನಬೇಡಿ. ತೋರಿಸಿಬಿಟ್ಟರೆ ರಾತ್ರಿ ಊಟ ಸೇರುವುದಿಲ್ಲ. ಚೌಕಾಶಿಯನ್ನು ಮಾತ್ರ ರಸೆಲ್ ಮಾರ್ಕೆಟ್ಟಿನಲ್ಲಿ ಹೂಕೋಸಿಗೆ ಮಾಡುವಷ್ಟೇ ಶ್ರದ್ಧೆಯಿಂದ ಮಾಡಿ.

ಬಂದವರಿಗೆ ಹೇಳಲು ಒಂದು ಚರಿತ್ರೆ ಸಿದ್ಧವಿರಲಿ. ಟಿಬೆಟ್ಟಿನಿಂದ ಚೀನಾದ ಅರಮನೆಗೆ ಕಾಣಿಕೆಯಾಗಿ ಹೋದ ನಾಯಿಗಳ ವಂಶ ಎಂದು ಶುರುಮಾಡಿ. 1860ರಲ್ಲಿ ಬ್ರಿಟಿಷರೂ ಫ್ರೆಂಚರೂ ಪೀಕಿಂಗಿನ ಬೇಸಿಗೆ ಅರಮನೆಯನ್ನು ದೋಚಿದರು, ಅಲ್ಲಿ ಸಿಕ್ಕ ಪುಟ್ಟ ನಾಯಿಯೊಂದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದರು, ಅದಕ್ಕೆ ಲೂಟಿ ಎಂದೇ ಹೆಸರಿಟ್ಟರು ಎನ್ನುವಲ್ಲಿಗೆ ಕಾಫಿ ಬರಬೇಕು. ಆ ದಂಡಯಾತ್ರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯೂ ಇತ್ತು. ‘ಪೀಕಿಂಗ್ 1860’ ಅವರ ಯುದ್ಧಗೌರವಗಳಲ್ಲೊಂದು. ಅವರ ಕೇಂದ್ರ ಇರುವುದು ಹಲಸೂರು ಕೆರೆಯ ಪಕ್ಕದಲ್ಲಿ. ಬಾಲ್ಕನಿಯಿಂದ ಆ ದಿಕ್ಕಿಗೆ ಕೈ ತೋರಿಸಿ, ಸ್ವಲ್ಪ ಹೊತ್ತು ಸುಮ್ಮನಿರಿ. ಲೂಟಿ ಪೀಕಿನೀಸ್ ತಳಿಯದು, ನಿಮ್ಮದು ಶಿಟ್ಜು ಎಂಬ ಮಾತೆತ್ತಬೇಡಿ. 1949ರ ನಂತರ ಚೀನಾದಲ್ಲಿ ಈ ತಳಿ ಹೆಚ್ಚುಕಡಿಮೆ ಅಳಿದುಹೋಗಿ, ಹೊರಗೆ ಉಳಿದಿದ್ದ ಬೆರಳೆಣಿಕೆಯ ನಾಯಿಗಳಿಂದಲೇ ಮತ್ತೆ ಬೆಳೆಯಿತು ಎಂಬುದನ್ನೂ ಮುಚ್ಚಿಡಿ. ಮಾವನವರು ಗೋತ್ರ ಕೇಳಿಯಾರು.

ಸ್ವಭಾವದ ವಿಷಯಕ್ಕೆ ಬನ್ನಿ. ನಾಲ್ಕರಿಂದ ಏಳು ಕಿಲೋ ತೂಗುವ ಈ ಪ್ರಾಣಿಯನ್ನು ಮನುಷ್ಯರ ಮಗ್ಗುಲಲ್ಲಿ ಇರಲೆಂದೇ ಬೆಳೆಸಿದ್ದಾರೆ. ಆದ್ದರಿಂದ ದಿನಕ್ಕೆ ಹತ್ತು ಗಂಟೆ ಒಂಟಿಯಾಗಿ ಬಿಡಿ. ಹಾಲಿನಲ್ಲಿ ಕ್ಯಾಮೆರಾ ಹಾಕಿಸಿ, ಮಧ್ಯಾಹ್ನ ಆಫೀಸಿನಿಂದ ಅದರ ಮೂಲಕ ‘ಚಿನ್ನಾ’ ಎಂದು ಕೂಗಿ. ಅದು ಎದ್ದು ಬಾಗಿಲ ಹತ್ತಿರ ಓಡುತ್ತದೆ, ಟೀವಿ ಸ್ಟ್ಯಾಂಡಿನ ಹಿಂದೆ ಮೂತಿ ತೂರಿಸಿ ನೋಡುತ್ತದೆ, ಮತ್ತೆ ಬಾಗಿಲಿಗೆ ಬರುತ್ತದೆ. ಸಹೋದ್ಯೋಗಿಗಳಿಗೂ ತೋರಿಸಿ, ನಗಲಿ. ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು ತಗುಲಿಸಿ. ಕಳ್ಳನನ್ನು ಬಾಲ ಅಲ್ಲಾಡಿಸಿ ಬರಮಾಡಿಕೊಂಡರೆ ನಾಯಿಯನ್ನೇ ಗದರಿಸಿ.

‘ಚಿನ್ನಾ’ ಒಂದನ್ನು ಬಿಟ್ಟು ಅದರೊಡನೆ ಕನ್ನಡ ಬೇಡ. ‘ಸಿಟ್’, ‘ನೋ’, ‘ಬ್ಯಾಡ್ ಬಾಯ್’ ಎನ್ನುವುದನ್ನು ಅಜ್ಜಿಗೂ ಕಲಿಸಿ. ಕನ್ನಡ ಬೀದಿಯ ಕರಿಯನಿಗಿರಲಿ. ಅಜ್ಜಿ ಕದ್ದು ಮೊಸರನ್ನ ಹಾಕುವಾಗ ಯಾವ ಭಾಷೆ ಆಡುತ್ತಾರೆಂದು ವಿಚಾರಿಸಲು ಹೋಗಬೇಡಿ.

ಶಿಟ್ಜುವಿನ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆಗಟ್ಟಿ ಚರ್ಮವನ್ನೇ ಎಳೆಯುತ್ತದೆ. ದಿನಾ ಬಾಚಲು ನಿಮಗೆಲ್ಲಿ ಪುರುಸೊತ್ತು? ನೆತ್ತಿಯ ಮೇಲೊಂದು ಗುಲಾಬಿ ಕ್ಲಿಪ್ಪು ಹಾಕಿ, ಮಿಕ್ಕದ್ದನ್ನು ಹಬ್ಬಕ್ಕೆ ನೋಡಿಕೊಳ್ಳಿ. ಕಣ್ಣಿನಿಂದ ಮೂಗಿನವರೆಗೆ ಕಂದು ಗೆರೆ ಇಳಿದಿದ್ದರೆ ಒರೆಸಬೇಡಿ; ಫೋನಿನಲ್ಲಿ ಫಿಲ್ಟರ್ ಇದೆ. ಉಬ್ಬುಗಣ್ಣಿಗೆ ಹುಣ್ಣು ಬೇಗ ಆಗುತ್ತದೆ, ಕಣ್ಣು ಕಿರಿದು ಮಾಡಿದರೆ ಅದೇ ದಿನ ತೋರಿಸಿ ಎನ್ನುತ್ತಾರೆ ಡಾಕ್ಟರು. ಮುದ್ದಾಗಿ ಕಣ್ಣು ಹೊಡೆಯುತ್ತಿದೆ ಎಂದು ತಿಳಿಯಿರಿ.

ವಾಕಿಂಗಿಗೆ ಏಪ್ರಿಲ್ ಮಧ್ಯಾಹ್ನದ ನೂರಡಿ ರಸ್ತೆಯೇ ಸೂಕ್ತ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಮೊಂಡು ಮೂತಿಯದಕ್ಕೆ ಅದೂ ಕಷ್ಟ. ಇದನ್ನರಿತು ಸ್ವೆಟರ್ ತೊಡಿಸಿ. ಡಾಂಬರಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವ ಚಾಳಿ ಬೇಡ, ಕೈ ಸುಟ್ಟೀತು. ಅದು ನಡುದಾರಿಯಲ್ಲಿ ಕುಸಿದು ಕೂತರೆ ಹಟ ಎನ್ನಿ, ಎಳೆಯಿರಿ.

ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುವ ಜೀವ ಇದು. ಅಷ್ಟು ಕಾಲ ಯಾರಿಗೆ ಆಸಕ್ತಿ ಉಳಿದೀತು? ಎರಡನೇ ದೀಪಾವಳಿ ಕಳೆಯುತ್ತಲೇ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ: ‘ಮಗುವಿಗೆ ಅಲರ್ಜಿ. ಒಳ್ಳೆಯ ಮನೆ ಬೇಕಾಗಿದೆ.’ ಮಗು ಇಲ್ಲದವರು ಅತ್ತೆಗೆ ಎಂದು ಬರೆಯಿರಿ. ಕೆ.ಆರ್. ಪುರಂ ಕಡೆಯಿಂದ ಯಾರಾದರೂ ಫೋನ್ ಮಾಡಿದರೆ ತೂಗುಸೇತುವೆಯ ಟ್ರಾಫಿಕ್ ನೆಪ ಹೇಳಿ, ಅವರೇ ಬಂದು ಒಯ್ಯಲಿ. ಬೆಲ್ಟು, ಸ್ವೆಟರ್ ಉಚಿತ ಎಂದು ಸೇರಿಸಿ. ಕ್ಯಾಮೆರಾ ಇಟ್ಟುಕೊಳ್ಳಿ.