ಒಂದು ಸ್ಟಾರಿಗೆ ಒಂದು ಉತ್ತರ

ನನ್ನ ತಂಗಿಯ ಮಗ ಜೋಯಿಡಾ ಕಡೆಯ ಜೇನು, ಮುರುಗಲು ಸಿಪ್ಪೆ, ಕೋಕಂ ಸಿರಪ್ಪುಗಳನ್ನು ಆನ್‌ಲೈನಿನಲ್ಲಿ ಮಾರುತ್ತಾನೆ. ದಾಂಡೇಲಿಯ ಮನೆಯ ಹಿಂದಿನ ಕೋಣೆಯೇ ಗೋದಾಮು. ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾಗಿ ಕುಳಿತಿದ್ದ ನನಗೂ ಅಲ್ಲೊಂದು ಹುದ್ದೆ ಕೊಟ್ಟಿದ್ದಾನೆ: ಗಿರಾಕಿಗಳು ಬೈದಾಗ ಉತ್ತರ ಬರೆಯುವುದು. ಪಗಾರಿಲ್ಲ, ಚಹಾ ಇದೆ.

“ಮಾಮಾ, ಮತ್ತೊಂದು ಬಿತ್ತು ನೋಡ್ರಿ” ಎಂದು ಮೊಬೈಲು ಚಾಚಿದನೆಂದರೆ ಬಿದ್ದದ್ದು ಒಂದು ಸ್ಟಾರ್ ಎಂದೇ ತಿಳಿಯಬೇಕು.

ಬೈಗುಳವೆಲ್ಲ ಜೇನಿಗೆ ಬಂದದ್ದಾದರೆ ಜೇನು ತೆಗೆದವನನ್ನು ಕೇಳಬಹುದಿತ್ತು. ಬರುವುದೆಲ್ಲ ದಾರಿಗೆ. “ಜೇನು ಬಹಳ ಚೆನ್ನಾಗಿದೆ, ಆದರೆ ಒಂದು ವಾರ ತಡ” ಎಂದವರು ಕೊಟ್ಟದ್ದು ಒಂದು ಸ್ಟಾರ್. “ಇನ್ನೂ ಬಂದಿಲ್ಲ, ರುಚಿಯೂ ಸರಿಯಿಲ್ಲ” ಎಂದು ಬರೆದ ಪುಣ್ಯಾತ್ಮರೂ ಇದ್ದಾರೆ. ಬಾರದ ಬಾಟಲಿಯ ರುಚಿ ನೋಡುವ ಆ ನಾಲಿಗೆಗೆ ನನ್ನ ನಮಸ್ಕಾರ. ಹಿರಿಯರೊಬ್ಬರಂತೂ “ಒಂದನೇ ನಂಬರ್ ಮಾಲು” ಎಂದು ಮನಸಾರೆ ಹೊಗಳಿ, ಒಂದನೇ ನಂಬರಿಗೆ ಒಂದೇ ಸ್ಟಾರ್ ಎಂದು ಲೆಕ್ಕ ಹಾಕಿ ಅದನ್ನೇ ಒತ್ತಿದ್ದರು. ಕ್ಲಾಸಿನಲ್ಲಿ ಫಸ್ಟ್ ಬಂದವನನ್ನು ನಪಾಸು ಮಾಡಿದ ಹಾಗಾಯಿತು. ಅವರಿಗೆ ಏನು ಉತ್ತರ ಬರೆಯುವುದು? “ಧನ್ಯವಾದಗಳು” ಎಂದೆ.

ನಮ್ಮ ಸೀಮೆಯ ದಾರಿಯ ಕಥೆಯೂ ಸಾಮಾನ್ಯದ್ದಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಪೇಟೆಯೇ ನೀರಿನಡಿ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಊರೇ ವಿಳಾಸ ಬದಲಿಸಿದ ತಾಲೂಕು ಇದು. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಜೀವಗಳೂ ಹೋದವು. ಆ ದಿನಗಳಲ್ಲಿ ಡಬ್ಬಿಯ ವಿಚಾರ ಎತ್ತುವುದಕ್ಕೂ ನಾಚಿಕೆಯಾಗುತ್ತಿತ್ತು.

ಗುಡ್ಡ ಕುಸಿಯದ ದಿನಗಳಲ್ಲಿ ತಡ ಮಾಡಲು ಕೊರಿಯರಿನ ಹುಬ್ಬಳ್ಳಿ ಪ್ರೀತಿ ಇದೆ. ಹಾಗೆಂದು ವಿಳಾಸ ತೋರುವ ಅಂಕಿಗಳಿಲ್ಲ ಎಂದಲ್ಲ. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಪಿನ್‌ಕೋಡ್ ಜಾರಿಗೆ ಬಂತು. ಅವರು ಸಂಸ್ಕೃತ ಕವಿಯೂ ಹೌದು, ಆರೇ ಅಂಕಿಯಲ್ಲಿ ದೇಶವನ್ನು ಹಿಡಿದಿಟ್ಟವರು. ದಾಂಡೇಲಿ 581325, ಹಳಿಯಾಳ 581329. ಅಂಕಿಯಲ್ಲಿ ನಾಲ್ಕರ ಅಂತರ, ಬಸ್ಸು ಹತ್ತಿದರೆ ಗಂಟೆಯೊಳಗಿನ ದಾರಿ. ಆದರೆ ನಮ್ಮ ಡಬ್ಬಿ ಹುಬ್ಬಳ್ಳಿಯ ಗೋದಾಮಿಗೆ ಹೋಗಿ, ಅಲ್ಲಿ ರಾತ್ರಿ ಕಳೆದು, ಹಿಂದಿರುಗಿ ಹಳಿಯಾಳ ಸೇರುತ್ತದೆ. ಹಳಿಯಾಳದ ಗಿರಾಕಿ ಫೋನ್ ಮಾಡಿ, “ನಾ ಸೈಕಲ್ ಮ್ಯಾಲೆ ಬಂದಿದ್ರೂ ನಿನ್ನೇನೇ ಒಯ್ತಿದ್ದೆ ಬಿಡ್ರಿ” ಎಂದರು. ಮಾತು ಖರೇನೇ.

ಉತ್ತರ ಬರೆಯಲು ಕೂತಾಗ ನನ್ನೊಳಗಿನ ಮಾಸ್ತರ ಏಳುತ್ತಾನೆ. ಸಹ್ಯಾದ್ರಿ, ಮುಂಗಾರು, ಕಾಳಿಯ ಪ್ರವಾಹ ಎಲ್ಲ ಸಾಲುಗಟ್ಟಿ ಬರುತ್ತವೆ. “ಮಾಮಾ, ಪಾಠ ಬ್ಯಾಡ್ರಿ. ಡಬ್ಬಿ ಎಲ್ಲೈತಿ, ಯಾವತ್ತು ಬರತೈತಿ, ಬರದಿದ್ರ ರೊಕ್ಕ ಯಾವಾಗ ವಾಪಸ್, ಇಷ್ಟ ಬರೀರಿ” ಎನ್ನುತ್ತಾನೆ ಹುಡುಗ. ಈ ಮೂರು ಸಾಲು ವ್ಯಾಪಾರದ ಮೂಲಪಾಠ ಎಂದು ನನಗೂ ಅನಿಸಿದೆ. ತಪ್ಪು ಕೊರಿಯರಿನವನದು ಎಂದು ಬೆರಳು ತೋರಿದರೆ ಗಿರಾಕಿಗೆ ಸಿಟ್ಟು ಏರುತ್ತದೆ, ಏಕೆಂದರೆ ಅವರು ರೊಕ್ಕ ಕೊಟ್ಟದ್ದು ನಮಗೆ. ಇನ್ನೊಂದು ಗುಟ್ಟೂ ಉಂಟು. ಆ ಉತ್ತರ ಬೈದವರಿಗಿಂತ ಹೆಚ್ಚಾಗಿ, ಜೇನು ತರಿಸಲೋ ಬೇಡವೋ ಎಂದು ಓದುತ್ತಿರುವ ಮುಂದಿನವರಿಗೆ.

ಅಳಿಯನ ಗೆಳೆಯರು ಕೊಟ್ಟ ಸಲಹೆ ಬೇರೆಯದು: ಬಳಗದವರೆಲ್ಲ ತಲಾ ಐದು ಸ್ಟಾರ್ ಒತ್ತಿಬಿಡಲಿ! ನಮ್ಮ ಬಳಗ ದೊಡ್ಡದು, ಬೆರಳಿಗೂ ಬರವಿಲ್ಲ. ಆದರೆ 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರುವವನು ಗಿರಾಕಿಯ ವೇಷ ಹಾಕಿ ವಿಮರ್ಶೆ ಬರೆಯುವ ಹಾಗಿಲ್ಲ. ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು ಎಂದೂ ಅದರಲ್ಲಿದೆ. ಸರಕಾರ ಕೊಟ್ಟದ್ದು 48 ಗಂಟೆ, ಬೆಂಗಳೂರಿನ ಗಿರಾಕಿ ಕೊಡುವುದು 48 ನಿಮಿಷ.

ಇಂಥ ಹೊತ್ತಿನಲ್ಲಿ ಮುಂಡಗೋಡದ ಟಿಬೆಟಿಯನ್ನರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. 1966ರಲ್ಲಿ ಅಲ್ಲಿ ಅವರ ನಿರಾಶ್ರಿತ ಶಿಬಿರ ಶುರುವಾದದ್ದು. ಚಳಿಗಾಲ ಬಂತೆಂದರೆ ಅವರಲ್ಲಿ ಹಲವರು ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಗಿರಾಕಿ ಎದುರಿಗೇ ನಿಂತು ಎಳೆದು ನೋಡುತ್ತಾನೆ, ಮೂಗು ಮುರಿಯುತ್ತಾನೆ, ಚೌಕಾಸಿ ಮಾಡುತ್ತಾನೆ, ಕಡೆಗೆ ತೊಟ್ಟುಕೊಂಡೇ ಮನೆಗೆ ಹೋಗುತ್ತಾನೆ. ವಿಮರ್ಶೆ, ಉತ್ತರ, ವಿತರಣೆ ಮೂರೂ ಐದು ನಿಮಿಷದಲ್ಲಿ ಮುಗಿಯುತ್ತವೆ, ನಡುವೆ ಹುಬ್ಬಳ್ಳಿ ಬರುವುದಿಲ್ಲ.

ಈಗ ಅಳಿಯ ಮಳೆಗಾಲಕ್ಕೆಂದು ಮೊದಲೇ ಒಂದು ಸಾಲು ಹಾಕಿದ್ದಾನೆ: “ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ.” ಆರ್ಡರು ಕಡಿಮೆಯಾದವು, ಬೈಗುಳ ಅದಕ್ಕಿಂತ ಕಡಿಮೆಯಾದವು. ನನ್ನ ಹುದ್ದೆಗೇ ಕುತ್ತು ಬಂದಿದೆ.

ನೀವೂ ನಮ್ಮ ಕಡೆಯಿಂದ ಏನಾದರೂ ತರಿಸಿದರೆ, ದಯವಿಟ್ಟು ಬಾಟಲಿಯ ಮುಚ್ಚಳ ತೆರೆದು ರುಚಿ ನೋಡಿದ ಮೇಲೆ ಸ್ಟಾರ್ ಒತ್ತಿ. ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಧಾರಾಳವಾಗಿ ಫೋನ್ ಮಾಡಿ ಬೈಯಿರಿ, ನಂಬರು ಡಬ್ಬಿಯ ಮೇಲೇ ಇದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ, ಆಗ ನಾನು ಮಲಗಿರುತ್ತೇನೆ.