ರಾಯರ ವಾರದ ಟರ್ಕಿ

ನಮ್ಮ ಹಬ್ಬಗಳಿಗೆ ದಿನ ಗೊತ್ತುಮಾಡುವುದು ಪಂಚಾಂಗ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್‌ಗೆ ದಿನ ಗೊತ್ತುಮಾಡಿದ್ದರಲ್ಲಿ ಅಂಗಡಿಯವರ ಪಾಲೂ ಇದೆ. 1863ರಲ್ಲಿ ಲಿಂಕನ್ ನವೆಂಬರಿನ ಕೊನೆಯ ಗುರುವಾರ ಎಂದು ಸಾರಿದ್ದ. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದೆಂದು ವರ್ತಕರು ಗೋಳಾಡಿದ್ದಕ್ಕೆ 1939ರಲ್ಲಿ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಮುಂಚೆಗೆ ತಂದ. ಹಲವು ರಾಜ್ಯಗಳು ಒಪ್ಪಲಿಲ್ಲ. ಸ್ಮಾರ್ತರ ಏಕಾದಶಿ, ವೈಷ್ಣವರ ಏಕಾದಶಿ ಇದ್ದ ಹಾಗೆ ದೇಶದಲ್ಲಿ ಎರಡೆರಡು ಥ್ಯಾಂಕ್ಸ್‌ಗಿವಿಂಗ್ ನಡೆದವು. 1941ರಲ್ಲಿ ಅಲ್ಲಿಯ ಸಂಸತ್ತು ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿ ಜಗಳ ಮುಗಿಸಿತು.

ಇಷ್ಟನ್ನೂ ಕೇಳಿ, ಹಾಸನದಿಂದ ಆರು ತಿಂಗಳಿಗೆಂದು ನ್ಯೂಜೆರ್ಸಿಗೆ ಬಂದಿದ್ದ ನಮ್ಮತ್ತೆ ಹಿಡಿದುಕೊಂಡಿದ್ದು ಒಂದೇ ಮಾತು. "ಗುರುವಾರವಾ? ರಾಯರ ವಾರ! ಎಲ್ಲರನ್ನೂ ನಮ್ಮನೇಗೇ ಊಟಕ್ಕೆ ಕರೆಯಮ್ಮ."

ಎಲ್ಲರೂ ಅಂದರೆ ಹನ್ನೆರಡು ಜನ. ನಮ್ಮವರು ಕೂಡಲೇ ಲ್ಯಾಪ್‌ಟಾಪ್ ತೆರೆದರು. ಇಲ್ಲಿಯ ರೈತರ ಸಂಸ್ಥೆ ಫಾರ್ಮ್ ಬ್ಯೂರೋ 1986ರಿಂದ ಪ್ರತಿವರ್ಷ ಹತ್ತು ಜನರ ಹಬ್ಬದ ಟರ್ಕಿ ಕೋಳಿ ಊಟಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕುತ್ತದೆ. 2024ರಲ್ಲಿ ಅದು 58 ಡಾಲರ್ 8 ಸೆಂಟ್. "ಹನ್ನೆರಡು ಜನಕ್ಕೆ ಇದಕ್ಕಿಂತ ಕಮ್ಮೀಲಿ ಮುಗಿಸಬೇಕು" ಎಂದು ಶಪಥ ಮಾಡಿದರು. ಅತ್ತೆ ಮನಸ್ಸಿನಲ್ಲೇ ಎಂಬತ್ತನಾಲ್ಕರಿಂದ ಗುಣಿಸಿ, "ಐದು ಸಾವಿರದ ಹತ್ತಿರ! ನಮ್ಮ ಕಾಲಕ್ಕೆ ಅಷ್ಟರಲ್ಲಿ ಮದುವೆಯೇ ಆಗ್ತಿತ್ತು" ಎಂದರು.

ಉಳಿತಾಯದ ಮೊದಲ ಫಲ ಭಾನುವಾರವೇ ಮನೆಗೆ ಬಂತು. ನಾವು ಸಾಮಾನು ತರುವ ಅಂಗಡಿಯಲ್ಲಿ 400 ಡಾಲರ್ ವ್ಯಾಪಾರ ಮಾಡಿದವರಿಗೆ ಒಂದು ಟರ್ಕಿ ಪುಕ್ಕಟೆ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟುಬರುವ ಜಾಯಮಾನ ನಮ್ಮವರದಲ್ಲ. ಪುಕ್ಕವಿಲ್ಲದ, ಕಲ್ಲಿನಂತೆ ಹೆಪ್ಪುಗಟ್ಟಿದ ಆರೂವರೆ ಕಿಲೋ ಪುಕ್ಕಟೆ ಹಕ್ಕಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತರು.

"ಏನೋ ಅದು?"

"ಫ್ರೀ ಅಮ್ಮ."

"ಪ್ರಾಣಿಯೋ ಪದಾರ್ಥವೋ ಹೇಳು."

ಹಕ್ಕಿ ಹೊಸ್ತಿಲು ದಾಟಲಿಲ್ಲ. ಹಾಗೆಯೇ ತಿರುಗಿ ಎದುರುಮನೆ ಅಜ್ಜಿಯ ಪಾಲಾಯಿತು. ಆಕೆ ಸಂತೋಷ ತಡೆಯಲಾರದೆ ಬುಧವಾರ ಕುಂಬಳಕಾಯಿ ಪೈ ಮಾಡಿ ತಂದುಕೊಟ್ಟರು. ಕುಂಬಳಕಾಯಿ ಅಂದಮೇಲೆ ಒಳಗೆ ಬರಬಹುದು ಎಂದುಕೊಂಡಿದ್ದೆವು. ಮೊಟ್ಟೆ ಬಿದ್ದಿದೆಯೆಂದು ಗೊತ್ತಾಗಿ ಅದೂ ಹೊರಗೇ ಉಳಿಯಿತು. ಮಕ್ಕಳು ಜಾಕೆಟ್ ತೊಟ್ಟು ಜಗಲಿಯಲ್ಲೇ ನಿಂತು, ನಡುಗುತ್ತಾ ಖಾಲಿ ಮಾಡಿದರು.

ಅಡುಗೆಯನ್ನು ಗೆದ್ದುಕೊಟ್ಟಿದ್ದು ಅಂಗಡಿಯ ರಿಯಾಯಿತಿ ಚೀಟಿ. ಆ ವಾರ ಅಮೆರಿಕ ತಿನ್ನುವುದೆಲ್ಲ ಅಗ್ಗ: ಗೆಣಸು, ಹುರುಳಿಕಾಯಿ, ಕ್ರ್ಯಾನ್‌ಬೆರಿ. ಜೊತೆಗೆ ಹ್ಯಾಲೋವೀನ್ ಮುಗಿದು ಕೇಳುವವರಿಲ್ಲದೆ ಕೂತಿದ್ದ ಕುಂಬಳಕಾಯಿ. ಅತ್ತೆ ಕನ್ನಡಕ ಏರಿಸಿ ಚೀಟಿ ನೋಡಿದರು. "ಇದರಲ್ಲಿ ನಮ್ಮ ಊಟವೇ ಇದೆಯಲ್ಲೇ!" ಹುರುಳಿಕಾಯಿ ಪಲ್ಯವಾಯಿತು, ಕುಂಬಳಕಾಯಿ ಹುಳಿಯಾಯಿತು. ಕ್ರ್ಯಾನ್‌ಬೆರಿಯನ್ನು ಒಂದು ಕಚ್ಚಿ, ಕಣ್ಣು ಕಿರಿದು ಮಾಡಿ, "ಥೇಟ್ ಕವಳಿಕಾಯಿ" ಎಂದು ಇಂಗು, ಬೆಲ್ಲ ಹಾಕಿ ಗೊಜ್ಜು ಮಾಡಿದರು. ಇಲ್ಲಿಯ ಗೆಣಸಿನ ತಿರುಳು ಕೇಸರಿ ಬಣ್ಣದ್ದು, ನೀರು ಜಾಸ್ತಿ. ಹೋಳಿಗೆಗೆಂದು ಮಾಡಿದ ಹೂರಣ ಕೈಗೆ ಅಂಟಿತು. ಅತ್ತೆ ಅದನ್ನು ಮತ್ತೆ ಬಾಣಲೆಗೆ ಸುರಿದು, ಸೌಟು ನೆಟ್ಟಗೆ ನಿಲ್ಲುವ ತನಕ ಬಾಡಿಸಿ, ಕಣಕದಲ್ಲಿಟ್ಟು ತಟ್ಟಿದರು. ಕೇಸರಿ ಹಾಕದೆಯೇ ಕೇಸರಿ ಬಣ್ಣದ ಹೋಳಿಗೆ! "ಬಣ್ಣಕ್ಕೂ ದುಡ್ಡು ಉಳೀತು ನೋಡು" ಎಂದು ಮಗನಿಗೆ ಹೇಳಿದರು.

ಗುರುವಾರ ರಾಯರಿಗೆ ನೈವೇದ್ಯವಾದ ಮೇಲೆ ಹನ್ನೆರಡು ಎಲೆ ಬಿದ್ದವು. ಹೋಳಿಗೆಗೆ ಮೂರನೆಯ ಸಲ ಬೇಡ ಎಂದವರೂ ನಾಲ್ಕನೆಯ ಸಲ ಕೈ ಅಡ್ಡ ಹಿಡಿಯಲಿಲ್ಲ. ರಾತ್ರಿ ಲೆಕ್ಕ ಹಾಕಿದರೆ ಒಟ್ಟು 47 ಡಾಲರ್. ಫಾರ್ಮ್ ಬ್ಯೂರೋ ಸೋತಿತ್ತು. ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಬಾಬತ್ತು ಬಾಳೆಎಲೆ: 14 ಡಾಲರ್. ಹಾಸನದ ನಮ್ಮ ಹಿತ್ತಿಲಲ್ಲಿ ಅದನ್ನು ಹಸು ತಿನ್ನುತ್ತದೆ.

ನಮ್ಮವರು ಕಸದ ಚೀಲದ ಮುಂದೆ ಎಲೆ ಹಿಡಿದು ನಿಂತೇ ಇದ್ದರು. "ಅಮ್ಮ, ಚೆನ್ನಾಗಿ ತೊಳೆದು ಫ್ರೀಜರ್‌ನಲ್ಲಿಟ್ಟರೆ ಸಂಕ್ರಾಂತಿಗೆ..."

ಅತ್ತೆ ಮಾತಾಡಲಿಲ್ಲ. ಪಕ್ಕದಲ್ಲಿದ್ದ ಲಟ್ಟಣಿಗೆ ಕಡೆ ನೋಡಿದರು.

ಆದ್ದರಿಂದ ಪರದೇಶದಲ್ಲಿ ಅಗ್ಗವಾಗಿ ಹಬ್ಬ ಮಾಡುವವರಿಗೆ ನನ್ನದೊಂದು ಮಾತು: ಗೆಣಸಿನಲ್ಲಿ ಉಳಿಸಿ, ಕುಂಬಳಕಾಯಿಯಲ್ಲಿ ಉಳಿಸಿ. ಎಂಜಲೆಲೆಯಲ್ಲಿ ಉಳಿಸಲು ಹೋಗಬೇಡಿ.