ಪಿಂಗಾಣಿ ಜ್ವರ: ನಿದಾನ ಮತ್ತು ಚಿಕಿತ್ಸೆ

ಚರಕ, ಸುಶ್ರುತರಾದಿಯಾಗಿ ಪೂರ್ವಾಚಾರ್ಯರಾರೂ ಹೆಸರಿಸದ ವ್ಯಾಧಿಯೊಂದನ್ನು ಇಲ್ಲಿ ನಿರೂಪಿಸಲಾಗುವುದು. ಇದರ ಆದಿರೋಗಿ ಸ್ಯಾಕ್ಸನಿಯ ದೊರೆ ಅಗಸ್ಟಸ್. ತನ್ನದು ಪಿಂಗಾಣಿ ಕಾಯಿಲೆಯೆಂದು ಆತನೇ ಒಪ್ಪಿಕೊಂಡದ್ದರಿಂದ ನಾಡಿ ಹಿಡಿಯುವ ಶ್ರಮ ನಮಗುಳಿಯಿತು. 1717ರಲ್ಲಿ ಆತ 600 ಸೈನಿಕರನ್ನು ಪ್ರಶ್ಯದ ದೊರೆಗೊಪ್ಪಿಸಿ 151 ಚೀನೀ ಪಿಂಗಾಣಿಗಳನ್ನು ತಂದುಕೊಂಡ. ಒಂದಕ್ಕೆ ಸುಮಾರು ನಾಲ್ಕು ಆಳಿನ ದರ. ಅವರು ಅಶ್ವದಳದವರು, ಆದರೆ ಕುದುರೆಗಳನ್ನು ಕೊಡಲಿಲ್ಲ. ಜ್ವರ ನೆತ್ತಿಗೇರಿದರೂ ಚೌಕಾಸಿ ಬುದ್ಧಿ ಕೆಡುವುದಿಲ್ಲವೆಂಬುದು ಇದರಿಂದ ಸಿದ್ಧ.

ಸಂಪ್ರಾಪ್ತಿ. ಚಿನ್ನ ಮಾಡಿಕೊಡುತ್ತೇನೆಂದು ಅಗಸ್ಟಸನ ಸೆರೆಗೆ ಬಿದ್ದ ಬೋಟ್‌ಗರ್, ಚಿರ್ನ್‌ಹೌಸ್ ಎಂಬ ಪಂಡಿತನ ಜೊತೆ ಸೇರಿ ಜೇಡಿಮಣ್ಣಿನಿಂದ ಪಿಂಗಾಣಿ ತೆಗೆದ. 1710ರಲ್ಲಿ ಮೈಸೆನ್ ಕಾರ್ಖಾನೆ ಹುಟ್ಟಿತು. ಮುಟ್ಟಿದ್ದೆಲ್ಲ ಮಣ್ಣಾದರೆ ದಿವಾಳಿಯೆಂಬ ಲೋಕಾಭಿಪ್ರಾಯ ಅಲ್ಲಿಗೆ ಖಂಡಿತವಾಯಿತು. 1731ರಲ್ಲಿ ಬಂದ ಶಿಲ್ಪಿ ಕ್ಯಾಂಡ್ಲರ್ ವಿದೂಷಕರನ್ನು ರೂಪಿಸಿದ, ಪ್ರೇಮಿಗಳನ್ನು ರೂಪಿಸಿದ, ಸಾಲದೆಂದು ದರಬಾರಿ ಪೋಷಾಕಿನ ಕೋತಿಗಳ ವಾದ್ಯಮೇಳವನ್ನೂ ರೂಪಿಸಿದ. ಮೇಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋತಿಗಳು. ಒಂದನ್ನು ಕೊಂಡವನ ಕಿವಿಯಲ್ಲಿ ಮಿಕ್ಕವು ನುಡಿಸತೊಡಗುತ್ತವೆ. ರೋಗ ಮೂಳೆಗಿಳಿಯುವುದು ಈ ಹಂತದಲ್ಲಿ.

ಮುಖ್ಯ ಲಕ್ಷಣ: ಮುಖ ನೋಡಿ ಮಣೆ ಹಾಕುವ ಲೋಕದಲ್ಲಿ ರೋಗಿ ಬುಡ ನೋಡಿ ಮಣೆ ಹಾಕುತ್ತಾನೆ. ನೆಂಟರ ಮನೆಯ ಬೊಂಬೆಯನ್ನು, ಕಾಫಿ ಬರುವ ಮೊದಲೇ, ತಲೆಕೆಳಗೆ ಮಾಡುತ್ತಾನೆ. ಅಲ್ಲಿ ಮೈಸೆನ್ ಗುರುತಾದ ನೀಲಿಯ ಅಡ್ಡಗತ್ತಿಗಳಿದ್ದರೆ ಉಸಿರು ನಿಲ್ಲುತ್ತದೆ. ಕತ್ತಿಗಳನ್ನು ಕಡಿದು ಗೀರು ಹಾಯ್ದಿದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆಗೆ ತಳ್ಳಿದ ಮಾಲು, ಉಸಿರು ಮರಳುತ್ತದೆ. ಕತ್ತಿಯ ಗುರುತನ್ನು ಬೇರೆಯವರೂ ಧಾರಾಳವಾಗಿ ಬರೆದುಕೊಂಡಿದ್ದಾರೆಂದು ವೈದ್ಯನು ಈ ಹೊತ್ತಿನಲ್ಲಿ ಹೇಳಕೂಡದು.

ಬೆರಳಿನ ವಿಚಾರ ಸೂಕ್ಷ್ಮ. ಹಳೆಯ ಬೊಂಬೆಗಳ ಬೆರಳು ಮುರಿದಿರುವುದು ಸಾಮಾನ್ಯ. ಹತ್ತೂ ನೆಟ್ಟಗಿದ್ದರೆ ನೇರಳಾತೀತ ದೀಪ ಹಿಡಿಯಬೇಕು. ತೇಪೆ ಹಾಕಿದ ಬೆರಳು ಬೇರೆಯೇ ಬಣ್ಣದಲ್ಲಿ ಹೊಳೆಯುವುದುಂಟು. ಇದರಿಂದ ರೋಗಿಯ ತರ್ಕ ಹೀಗೆ ಬೆಳೆಯುತ್ತದೆ: ಹಳೆಯದರ ಬೆರಳು ಮುರಿದಿರುತ್ತದೆ, ನನ್ನದರ ಬೆರಳು ನಿನ್ನೆ ಕೆಲಸದವಳು ಧೂಳು ಹೊಡೆಯುವಾಗ ಮುರಿಯಿತು, ಆದುದರಿಂದ ನನ್ನದು ಹಳೆಯದು. ಗೌತಮನ ನ್ಯಾಯದಲ್ಲಿ ಇದಕ್ಕೆ ಹೇತ್ವಾಭಾಸವೆನ್ನುತ್ತಾರೆ, ಹರಾಜುಕಟ್ಟೆಯಲ್ಲಿ ಆತ್ಮವಿಶ್ವಾಸವೆನ್ನುತ್ತಾರೆ.

ಅಪಥ್ಯ: ಬೆಕ್ಕು, ಮೊಮ್ಮಕ್ಕಳು, ಹರಾಜಿನ ಕ್ಯಾಟಲಾಗು. ಪಥ್ಯ: ಗಾಜಿನ ಕಪಾಟು, ಅದರ ಬೀಗದಕೈ ಹೆಂಡತಿಯ ಸೊಂಟದಲ್ಲಿ. ವ್ಯಾಧಿ ಯಾಪ್ಯವೇ ಹೊರತು ಸಾಧ್ಯವಲ್ಲ, ಅಂದರೆ ಹತೋಟಿಯಲ್ಲಿಡಬಹುದು, ಗುಣಪಡಿಸಲಾಗದು. ವೈದ್ಯನು ಶುಲ್ಕವನ್ನು ನಗದಾಗಿಯೇ ಪಡೆಯತಕ್ಕದ್ದು. ದಕ್ಷಿಣೆಗೆಂದು ಕೊಳಲೂದುವ ಕೋತಿಯನ್ನು ಸ್ವೀಕರಿಸಿದ ವೈದ್ಯರು ಮರುವಾರವೇ ಭೂತಗನ್ನಡಿ ಹಿಡಿದು ತಂಬಟೆಯ ಕೋತಿಯನ್ನು ಹುಡುಕುತ್ತಿರುತ್ತಾರೆ.